ಹ್ಯಾಂಡ್‌ಬ್ರೇಕ್ ಎಳೆಯದ ಕೈ

"ಬಾನೆಟ್ ಮೇಲೆ ಕಿವಿ ಇಟ್ರೆ ಸಾಕು ರೀ, ಈ ಕಾರು ಹುಟ್ಟಿದಾಗಿನಿಂದ ಯಾವ ರಸ್ತೇಲಿ ಯಾವ ಗುಂಡಿಗೆ ಇಳಿದಿದೆ ಅಂತ ಒಂದೂ ಬಿಡದೆ ಹೇಳ್ತೀನಿ. ಒಂದ್ಸಲ ಒಂದು ಕಾರು ತನ್ನ ಕಷ್ಟ ಹೇಳ್ಕೊಳ್ತಾ ನನ್ನ ಕಿವಿ ತುಂಬಾ ಅತ್ತುಬಿಡ್ತು. ಒರೆಸೋಕೆ ಎರಡು ಟವೆಲ್ ಸಾಲಲಿಲ್ಲ!"

ಇಷ್ಟು ಹೇಳಿ ಡಿಟೆಕ್ಟಿವ್ ಮಾವ ನೀಲಿ ಕಾರಿನ ಬಾನೆಟ್ಟಿಗೆ ಎಡಗಿವಿ ಆನಿಸಿದ. ಬಿಸಿಲಿಗೆ ಕಾದಿದ್ದ ತಗಡು ಚುರ್ ಎಂದಿತು. ಬೇರೆ ಯಾರೇ ಆಗಿದ್ದರೂ ಚೀರಿ ಏಳು ಊರು ಎಬ್ಬಿಸುತ್ತಿದ್ದರು. ಮಾವ ಮಾತ್ರ ಕಣ್ಣು ಮುಚ್ಚಿ, ಸಂಗೀತ ಕೇಳುವವನಂತೆ ತಲೆದೂಗಿದ. ತಲೆದೂಗುವ ನೆಪದಲ್ಲಿ ಕಿವಿಯನ್ನು ಒಂದು ಬೆರಳಗಲ ಮೇಲೆತ್ತಿಕೊಂಡ.

"ಏನಂತೆ?" ಎಂದ ಕಾರಿನ ಮಾಲೀಕ. ಪೇಟೆಯಲ್ಲಿ ಕನ್ನಡಕದಂಗಡಿ ಇಟ್ಟವನು. ತನ್ನ ಕನ್ನಡಕವನ್ನು ಎಷ್ಟು ಸಲ ತೆಗೆದು ಒರೆಸಿದ್ದನೆಂದರೆ ಗಾಜು ಸವೆದು ಬರೀ ಚೌಕಟ್ಟು ಉಳಿಯುವ ಹಾಗಿತ್ತು.

"ನಾಚ್ಕೊಳ್ತಿದೆ. ಹೊಸಬರ ಮುಂದೆ ಬಾಯಿ ಬಿಡಲ್ಲ."

ಮಾವನ ಅಕ್ಕನ ಮಗಳಿಗೆ ನಗು ಬರಲಿಲ್ಲ. ಅವಳು ಹಲ್ಲಿನ ಡಾಕ್ಟರು. ದಿನವಿಡೀ ಊರಿನವರ ಬಾಯಿ ತೆರೆಸುವವಳು ಈಗ ತನ್ನ ಬಾಯಿ ಬಿಗಿದುಕೊಂಡು ಅಂಗಳದ ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದಳು.

ನಾಳೆ ಬೆಳಿಗ್ಗೆ ಅವಳ ತಮ್ಮನ ವಿಚಾರಣೆ. ಊರಾಚೆಯ ರೇಸ್ ಟ್ರ್ಯಾಕನ್ನು ಭಾನುವಾರ ಮಂದಿಗೆ ಬಿಟ್ಟುಕೊಟ್ಟಾಗ, ವಾರವಿಡೀ ಆಫೀಸಿಗೆ ಓಡಿಸಿದ ತನ್ನ ಕಾರನ್ನೇ ಅಲ್ಲಿಗೆ ಒಯ್ದ ಹುಡುಗ, ತಿರುವಿನಲ್ಲಿ ನಿಲ್ಲದೆ ನುಗ್ಗಿ ಬಾವುಟ ಹಿಡಿದು ನಿಂತಿದ್ದವನ ಎರಡೂ ಕಾಲು ಮುರಿದಿದ್ದ.

"ಬ್ರೇಕ್ ತುಳಿದೆ, ಹಿಡೀಲಿಲ್ಲ" ಎನ್ನುವುದೊಂದೇ ಅವನ ಮಾತು. "ಸೊಕ್ಕು, ತುಳಿದೇ ಇಲ್ಲ" ಎನ್ನುವುದು ಲೋಕದ ಮಾತು. ನುಜ್ಜುಗುಜ್ಜಾದ ಕಾರನ್ನು ಪರೀಕ್ಷಿಸೋಣವೆಂದರೆ, ಅಧಿಕಾರಿ ಬರುವಷ್ಟರಲ್ಲಿ ಅದರ ಮುಂದಿನ ಬ್ರೇಕುಗಳನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು. ಆ ಕೆಂಪು ಕಾರನ್ನು ತಮ್ಮ ಕೊಂಡಿದ್ದು ಇದೇ ಮನೆಯಿಂದ. ಈಗ ಇದೇ ಮನೆಯಲ್ಲಿ ಇನ್ನೊಂದು ಕಾರು ಮಾರಾಟಕ್ಕಿತ್ತು. ಅದಕ್ಕೇ ಮಾವ, ಸೊಸೆ ಇಬ್ಬರೂ ಗಿರಾಕಿಗಳ ವೇಷ ಹಾಕಿ ಬಂದಿದ್ದರು.

"ಡಾಕ್ಟ್ರಿಗೆ ಭಾನುವಾರ ಟ್ರ್ಯಾಕಿಗೆ ಹೋಗೋ ಹುಚ್ಚು," ಎಂದ ಮಾವ. "ಸೋಮವಾರ ಅದೇ ಕಾರಲ್ಲಿ ಕ್ಲಿನಿಕ್‌ಗೆ ಹೋಗ್ಬೇಕು. ಬೆಳಿಗ್ಗೆಯಿಂದ ಕಾರು ನೋಡಿ ನೋಡಿ ನನ್ನ ಕಣ್ಣಲ್ಲೇ ಚಕ್ರ ತಿರುಗ್ತಿದೆ. ಮೊದಲ್ನೇದು ಕಂಟ್ರಾಕ್ಟರದ್ದು, ಇಂಜಿನ್ ಅಂದ್ರೆ ಹತ್ತು ಆನೆ!"

"ಆನೆ ಓಡುತ್ತೆ ಮಾವ, ನಿಲ್ಲಿಸೋದು ಯಾರು?" ಎಂದಳು ಅವಳು ನಡೆಯುತ್ತಲೇ. "ಅಷ್ಟು ಭಾರದ ಕಾರಿಗೆ ಒಂದೇ ಮಧ್ಯಾಹ್ನದಲ್ಲಿ ಟೈರೂ ಮುಗಿಯುತ್ತೆ, ಬ್ರೇಕೂ ಮುಗಿಯುತ್ತೆ."

"ಎರಡನೇದು ಎರಡೇ ಸೀಟಿನ ಹಳೇ ಸುಂದರಿ. ಒಂದು ನಟ್ ಬೇಕಂದ್ರೆ ವಸ್ತುಸಂಗ್ರಹಾಲಯಕ್ಕೆ ಹೋಗ್ಬೇಕು."

"ಹಾಗಿದ್ರೆ ಇದೇ ಸರಿ," ಎಂದ ಕನ್ನಡಕದವನು ಉತ್ಸಾಹದಿಂದ. "ಹಗುರ. ಟೈರು ಅಗ್ಗ. ಬಿಡಿಭಾಗ ಯಾವ ಅಂಗಡೀಲಾದ್ರೂ ಸಿಗುತ್ತೆ. ತಿರುವಲ್ಲಿ ಇದರ ಮೂತಿ ಹೇಗೆ ಒಳಗೆ ಹೋಗುತ್ತೆ ಗೊತ್ತಾ? ಹೇಳಿದ ಕಡೆ ಹೋಗಿ ಕೂರುತ್ತೆ!" ಎಂದವನು ತಟ್ಟನೆ ನಾಲಿಗೆ ಕಚ್ಚಿಕೊಂಡ. "ಅಂದ್ರೆ... ಹಾಗಂತ ಹೇಳ್ತಾರೆ. ನಾನು ಟ್ರ್ಯಾಕಿನ ಗೇಟೂ ನೋಡಿದವನಲ್ಲ. ಮನೆ, ಅಂಗಡಿ. ಅಂಗಡಿ, ಮನೆ. ಅಷ್ಟೇ."

"ನಂಗೆ ಓಡೋ ಕಾರಿಗಿಂತ ನಿಲ್ಲೋ ಕಾರು ಬೇಕು," ಎಂದಳು ಡಾಕ್ಟರು.

ಮಾವ ಕೂಡಲೇ ನೆಲಕ್ಕೆ ಮಂಡಿಯೂರಿದ. ಮುಂದಿನ ಟೈರನ್ನು ಅಂಗೈಯಿಂದ ಸವರಿದ. ಮಧ್ಯದ ಗೀರುಗಳು ಹೊಸ ನಾಣ್ಯದಂತಿದ್ದವು. ಹೊರ ಅಂಚು ಮಾತ್ರ ಉಜ್ಜಿ ಉಜ್ಜಿ ಬೋಳಾಗಿತ್ತು. ಚಕ್ರದ ಮೇಲ್ಗೂಡಿನೊಳಗೆ ಬೆರಳು ಹಾಕಿದರೆ ಕರಗಿ ಗಟ್ಟಿಯಾದ ರಬ್ಬರಿನ ಗುಳಿಗೆಗಳು ಹಿಡಿಗಟ್ಟಲೆ ಉದುರಿದವು.

"ಅಂಗಡಿ ದಾರೀಲಿ ತಿರುವು ಬಹಳ," ಎಂದ ಕನ್ನಡಕದವನು.

ಬಾಗಿಲ ಮೇಲೆ ಬಿಸಿಲು ಓರೆಯಾಗಿ ಬಿದ್ದಾಗ, ಅಂಟಿಸಿ ಕಿತ್ತ ದೊಡ್ಡ ಅಂಕೆಯೊಂದರ ಗೋಂದಿನ ಕಲೆ ಕಾಣುತ್ತಿತ್ತು. ಡ್ರೈವರ್ ಸೀಟಿನ ಹಿಂದೆ ಮಡಚಿಟ್ಟ ನಾಲ್ಕು ಪಟ್ಟಿಯ ದಪ್ಪ ಬೆಲ್ಟು; ಎರಡು ಹೆಗಲಿನಿಂದ, ಎರಡು ಸೊಂಟದಿಂದ ಬಂದು ಎದೆಯ ಕೆಳಗೆ ಒಂದು ದುಂಡು ಬಿಲ್ಲೆಗೆ ಸೇರುವಂಥದು.

"ಅದೆಲ್ಲ ಹಿಂದಿನ ಮಾಲೀಕನದ್ದು," ಎಂದು ಕನ್ನಡಕದವನು ಹಣೆ ಒರೆಸಿಕೊಂಡ.

"ಯಾವ ಹಿಂದಿನ ಮಾಲೀಕ ರೀ?" ಎನ್ನುತ್ತ ಟೀ ತಟ್ಟೆ ಹಿಡಿದು ಅವನ ಹೆಂಡತಿ ಹಿತ್ತಿಲ ಬಾಗಿಲಿನಿಂದ ಬಂದಳು. ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುವ, ಸೌಟಿಗಿಂತ ಭಾರದ್ದು ಎತ್ತಿಯೇ ಇಲ್ಲವೇನೋ ಅನ್ನಿಸುವ ಹೆಣ್ಣುಮಗಳು. "ಹೊಸದಾಗೇ ಅಲ್ವಾ ತಗೊಂಡಿದ್ದು? ಇವರಿಗೆ ನೆನಪೇ ಇರಲ್ಲ ಡಾಕ್ಟ್ರೇ. ಪಾಪ, ಭಾನುವಾರವೂ ಬಿಡುವಿಲ್ಲ. ಬಡವರಿಗೆ ಕಣ್ಣು ನೋಡೋ ಶಿಬಿರ ಅಂತ ಬೆಳಿಗ್ಗೆ ಹೋದ್ರೆ ಸಂಜೆಗೇ ಬರೋದು. ಬಂದಾಗ ಮೈಯೆಲ್ಲ ಪೆಟ್ರೋಲ್ ವಾಸನೆ!"

"ಏ ಇವಳೇ, ಸಕ್ಕರೆ ತಗೊಂಡು ಬಾ ಹೋಗು," ಎಂದ ಗಂಡ.

"ಹಾಕಿದ್ದೀನಿ."

"ಇನ್ನೊಂಚೂರು ಹಾಕು!"

ಮಾವ ಮೀಸೆಯೊಳಗೇ ನಕ್ಕ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವನು ಕಂಡಿದ್ದ, ಇವನು ಕಾಯನ್ನೇ ಹೆಗಲ ಮೇಲಿಟ್ಟುಕೊಂಡು "ಎಲ್ಲಿದೆ?" ಎಂದು ಕೇಳುತ್ತಿದ್ದ. ಆದರೆ ಟೈರಿನ ಅಂಚು, ಗೋಂದಿನ ಕಲೆ ಹಿಡಿದು ನಾಳೆ ವಿಚಾರಣೆಗೆ ಹೋದರೆ ಯಾರು ಕೇಳುತ್ತಾರೆ? ಇವನ ಬಾಯಿಂದಲೇ ಹೊರಡಬೇಕು.

"ಒಂದು ಸುತ್ತು ಓಡಿಸಿ ತೋರಿಸಿ," ಎಂದ.

"ನೀವೇ ಓಡಿಸಿ ನೋಡಿ ಸಾರ್."

"ಛೆ ಛೆ! ನಾನು ಕೂತ್ರೆ ಕಾರು ಹೆದರಿ ತನ್ನ ದೋಷ ಮುಚ್ಚಿಟ್ಕೊಳ್ಳುತ್ತೆ. ನೀವು ಓಡಿಸಿ. ಡಾಕ್ಟ್ರು ಪಕ್ಕದಲ್ಲಿ ಕೂರ್ತಾರೆ. ನಾನು ಇಲ್ಲಿಂದಲೇ ಸದ್ದು ಕೇಳ್ತೀನಿ. ಊರ ಆ ತುದೀಲಿ ಗೇರ್ ಬದಲಾಯಿಸಿದ್ರೂ ನನಗೆ ಕೇಳ್ಸುತ್ತೆ."

ಕಾರು ಹೋಯಿತು. ಅಂಗಳದಲ್ಲಿ ಮಾವ ಕಾಲು ಬದಲಿಸುತ್ತ ನಿಂತ. ಟೀ ಲೋಟವನ್ನು ಗೋಡೆಯ ಮೇಲಿಟ್ಟ, ತೆಗೆದುಕೊಂಡ, ಮತ್ತೆ ಇಟ್ಟ.

"ತಂಗಿ, ಹಿಂದಿನ ಕೆಂಪು ಕಾರು ಮಾರಿದ್ದು ಯಾರು? ನಿಮ್ಮೆಜಮಾನ್ರೇನಾ?"

"ಅಯ್ಯೋ, ನಂಗೇನು ಗೊತ್ತಾಗುತ್ತೆ ಅಣ್ಣಾ ಕಾರಿನ ವಿಷಯ! ಚಕ್ರ ನಾಲ್ಕು ಅನ್ನೋದಷ್ಟೇ ಗೊತ್ತು," ಎಂದು ಅವಳು ಗುಳಿ ಬೀಳುವಂತೆ ನಕ್ಕು ಒಳಗೆ ಹೋದಳು.

ನೀಲಿ ಕಾರು ಮರಳಿ ಬಂದದ್ದು ಬಾಣದ ಹಾಗೆ. ಗೇಟಿನಲ್ಲಿ ವೇಗ ಇಳಿಸಿ, ಒಂದೇ ತಿರುವಿನಲ್ಲಿ ಅಂಗಳಕ್ಕೆ ನುಗ್ಗಿ, ಗೋಡೆಯಿಂದ ಒಂದು ಗೇಣು ಈಚೆಗೆ ನಿಂತಿತು. ಇಂಜಿನ್ ಆರಿತು. ಕನ್ನಡಕದವನ ಮುಖದಲ್ಲಿ ಬೆಳಗಿನಿಂದ ಇರದ ಕಳೆ. ಮಗುವಿನಂತೆ ಅರಳಿತ್ತು.

ಅವನು ಕಾರನ್ನು ಗೇರಿನಲ್ಲೇ ಬಿಟ್ಟು ಇಳಿದ. ಅಂಗಳ ಗೇಟಿನ ಕಡೆಗೆ ಇಳಿಜಾರು. ಗೋಡೆಯ ಮೂಲೆಗೆ ಹೋಗಿ ಬಗ್ಗಿ ನೋಡಿ, "ಎಲ್ಲಿ ಹೋಯ್ತು ಈ ಮರದ ತುಂಡು? ಯಾವಾಗ್ಲೂ ಇಲ್ಲೇ ಇರುತ್ತೆ" ಎಂದು ಗೊಣಗಿದ. ಆಮೇಲೆ ಕಾರಿನ ಡಿಕ್ಕಿ ತೆರೆದು, ಒಳಗಿನಿಂದ ಓರೆ ಕೊರೆದ ಇನ್ನೊಂದು ಮರದ ತುಂಡು ತೆಗೆದು ಹಿಂದಿನ ಚಕ್ರಕ್ಕೆ ಒತ್ತುಕೊಟ್ಟ.

ಮಾವನ ಮೈಯ ಒಂದೊಂದು ರೋಮವೂ ಎದ್ದು ಚಪ್ಪಾಳೆ ತಟ್ಟಿತು.

"ಹ್ಯಾಂಡ್‌ಬ್ರೇಕ್ ಯಾಕೆ ಎಳೀಲಿಲ್ಲ?"

"ಆಂ?"

"ಹ್ಯಾಂಡ್‌ಬ್ರೇಕ್ ಸ್ವಾಮಿ. ಸೀಟಿನ ಪಕ್ಕದಲ್ಲೇ ಕೋಲಿನ ಹಾಗೆ ಇದೆ. ಇಳಿಜಾರಲ್ಲಿ ಕಾರು ನಿಲ್ಲಿಸಿದವನು ಮೊದ್ಲು ಅದನ್ನ ಎಳೀತಾನೆ. ನೀವು ಅದರ ಕಡೆ ನೋಡ್ಲೂ ಇಲ್ಲ."

"ಅದು... ಅಭ್ಯಾಸ."

"ಯಾವ ಅಭ್ಯಾಸ? ಯಾರಿಗಿರುತ್ತೆ ಆ ಅಭ್ಯಾಸ? ನಾನು ಹೇಳ್ಲಾ?" ಮಾವ ಒಂದು ಹೆಜ್ಜೆ ಮುಂದಿಟ್ಟ. "ಟ್ರ್ಯಾಕಿನ ಕ್ಯಾಂಟೀನಲ್ಲಿ ಕೂತು ಒಂದು ಕೆರೆಯಷ್ಟು ಕಾಫಿ ಕುಡಿದು ಕಲಿತದ್ದು. ಅಲ್ಲಿ ಓಡಿಸಿ ಬಂದ ಕಾರಿನ ಬ್ರೇಕು ಕೆಂಡ. ಕೆಂಡದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದ್ರೆ ಕಚ್ಕೊಂಡು ಕೂತುಬಿಡುತ್ತೆ. ಅದಕ್ಕೇ ಅಲ್ಲಿ ಯಾರೂ ಎಳೆಯಲ್ಲ. ಗೇರಲ್ಲಿ ಬಿಟ್ಟು ಚಕ್ರಕ್ಕೆ ಮರದ ತುಂಡು ಕೊಡ್ತಾರೆ. ಟ್ರ್ಯಾಕಿನ ಗೇಟೂ ನೋಡದವರೇ, ನಿಮ್ಮ ಕೈ ಇದನ್ನ ಎಲ್ಲಿ ಕಲೀತು?"



ಕನ್ನಡಕದವನು ಹಿತ್ತಿಲ ಬಾಗಿಲ ಕಡೆ ನೋಡಿ, ಧ್ವನಿ ತಗ್ಗಿಸಿದ. "ಹೌದು. ಹೋಗ್ತೀನಿ. ಪ್ರತಿ ಭಾನುವಾರ. ಅವಳಿಗೆ ಹೇಳ್ಬೇಡಿ, ಕೈ ಮುಗೀತೀನಿ. ಕಣ್ಣಿನ ಶಿಬಿರ ಅಂತ ಪುಣ್ಯ ಕಟ್ಕೊಂಡಿದ್ದೀನಿ, ಹೋಗಿಬಿಡುತ್ತೆ."

"ಕೆಂಪು ಕಾರೂ ಅಲ್ಲಿಗೆ ಹೋಗಿತ್ತಾ?" ಡಾಕ್ಟರು ಕಾರಿನಿಂದಿಳಿದು ಅವನೆದುರು ಬಂದು ನಿಂತಿದ್ದಳು. "ನೋಡಿ, ನಾನು ಕಾರು ಕೊಳ್ಳೋಕೆ ಬಂದವಳಲ್ಲ. ನಿಮ್ಮ ಕೆಂಪು ಕಾರು ತಗೊಂಡಿದ್ನಲ್ಲ, ಆ ಹುಡುಗನ ಅಕ್ಕ. ಅವನು ದಿನಾ ಆಸ್ಪತ್ರೆಗೆ ಹೋಗಿ ಬಾವುಟದವನ ವಾರ್ಡಿನ ಹೊರಗೆ ಕೂರ್ತಾನೆ. ಒಳಗೆ ಹೋಗೋ ಧೈರ್ಯ ಇಲ್ಲ. ತಾನು ಬ್ರೇಕ್ ತುಳಿದದ್ದು ನಿಜವೋ ಸುಳ್ಳೋ ಅಂತ ಈಗ ಅವನಿಗೇ ಅನುಮಾನ ಶುರುವಾಗಿದೆ. ನಿಮ್ಮ ಹತ್ರ ಇರೋ ಸತ್ಯ ನಂಗೆ ಇವತ್ತೇ ಬೇಕು."

ಕನ್ನಡಕದವನ ಮುಖದ ಬಣ್ಣ ಇಳಿಯಿತು. "ಓಡಿಸಿದ್ದೆ ಡಾಕ್ಟ್ರೇ. ಬ್ರೇಕ್ ಸುಟ್ಟುಹೋಗಿತ್ತು. ಹಾಗೆ ಮಾರಬಾರದು, ಹೊಸದು ಹಾಕಿಸಿ ಕೊಡೋಣ ಅಂದಿದ್ದೆ. ನಾನು ಊರಲ್ಲಿರಲಿಲ್ಲ. ಹಾಕಿಸಿದ್ದು, ಮಾರಿದ್ದು ಎಲ್ಲಾ..."

ಅವನ ಮಾತು ಮುಗಿಯಲು ಮಾವ ಬಿಡಬೇಕಲ್ಲ! ಅವನು ಆಗಲೇ ತೆರೆದ ಡಿಕ್ಕಿಯೊಳಗೆ ಸೊಂಟದವರೆಗೆ ಇಳಿದಿದ್ದ. ಮೂಲೆಯಲ್ಲೊಂದು ಗೋಣಿಚೀಲ. ಎಳೆದ. ಭೂಮಿಯನ್ನೇ ಕಟ್ಟಿಟ್ಟಷ್ಟು ಭಾರ. ನೆಲಕ್ಕೆ ಬಿದ್ದಾಗ ಕಬ್ಬಿಣದ ಸದ್ದು.

ಬಾಯಿ ಬಿಚ್ಚಿದರೆ ಒಳಗೆ ಬ್ರೇಕಿನ ಎರಡು ಡಿಸ್ಕು, ಅವುಗಳನ್ನು ಕಚ್ಚಿ ಹಿಡಿಯುವ ಎರಡು ಕ್ಯಾಲಿಪರ್. ಮಸಿಯ ನಡುವೆ ಅಲ್ಲಲ್ಲಿ ನವಿಲುಗರಿಯ ಬಣ್ಣ ಹೊಳೆಯುತ್ತಿತ್ತು.

ಡಾಕ್ಟರು ಚೀಲದ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಕ್ಯಾಲಿಪರನ್ನು ಉಗುರಿನಿಂದ ಕೆರೆದಳು.

"ಇದು ನನ್ನ ನೇಲ್ ಪಾಲಿಶ್."

"ಏನು ಪುಟ್ಟಿ?"

"ನನ್ನ ನೇಲ್ ಪಾಲಿಶ್ ಮಾವ! ಕ್ಲಿನಿಕ್‌ಗೆ ಹಚ್ಕೊಳ್ಳೋ ಹಾಗಿಲ್ಲ ಅಂತ ಹಾಗೇ ಇಟ್ಟಿದ್ದೆ. ಟ್ರ್ಯಾಕಿಗೆ ಹೋಗೋ ಹಿಂದಿನ ದಿನ ತಮ್ಮ ಚಕ್ರದ ಸಂದೀಲಿ ಕಾಣೋ ಹಾಗೆ ಬಣ್ಣ ಬಳೀತೀನಿ ಅಂತ ಇಡೀ ಬಾಟ್ಲಿ ಖಾಲಿ ಮಾಡಿದ್ದ. ಎಷ್ಟು ಬೈದಿದ್ದೆ ಅವನಿಗೆ..."

ಮಾವ ಕ್ಯಾಲಿಪರಿನೊಳಗೆ ಇಣುಕಿದ. ಡಿಸ್ಕನ್ನು ಒತ್ತಿ ಹಿಡಿಯಬೇಕಾದ ದಪ್ಪ ಪ್ಯಾಡು ಇರಬೇಕಿದ್ದ ಜಾಗದಲ್ಲಿ ಬರೀ ತಗಡು. ಅದಕ್ಕೆ ಅಂಟಿದ್ದ ಪದರ ಒಣಗಿದ ರೊಟ್ಟಿಯಂತೆ ಎದ್ದು ಹೋಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಹುಡುಗ ತುಳಿದಿದ್ದ. ಹಿಡಿಯಲು ಅಲ್ಲಿ ಏನೂ ಇರಲಿಲ್ಲ.

"ಈ ಚೀಲ ನಂದಲ್ಲ!" ಕನ್ನಡಕದವನು ಕಿರುಚಿದ. "ದೇವರಾಣೆಗೂ ನಂದಲ್ಲ! ನಂದಾಗಿದ್ರೆ ನಿಮ್ಮೆದುರೇ ಡಿಕ್ಕಿ ತೆಗೀತಿದ್ನಾ?"

ಆ ಮಾತಿನಲ್ಲಿ ತೂಕವಿತ್ತು. ಆದರೆ ಮಾವ ಈಗ ನೆಲದ ಮೇಲಿರಲಿಲ್ಲ, ಮೋಡದ ಮೇಲಿದ್ದ. ಗೆಲುವಿನ ಗಾಳಿ ಅವನ ಕಿವಿಯೊಳಗೆ ಹೊಕ್ಕಿತ್ತು.

"ಯಾರೂ ಅಲುಗಾಡ್ಬೇಡಿ! ಆ ದಿನ ಏನಾಯ್ತು ಅಂತ ಈಗ ಮಾಡಿ ತೋರಿಸ್ತೀನಿ," ಎಂದು ಚೀಲವನ್ನು ಅಲ್ಲೇ ಬಿಟ್ಟು, ನೀಲಿ ಕಾರಿನ ಡ್ರೈವರ್ ಸೀಟಿಗೆ ಹಾರಿ ಕೂತ. ನಾಲ್ಕು ಪಟ್ಟಿಯ ಬೆಲ್ಟನ್ನು ಎಳೆದು ಬಿಲ್ಲೆಗೆ ಸಿಕ್ಕಿಸಿ, ಪಟ್ಟಿಗಳನ್ನು ಬಿಗಿದ. "ನೋಡಿ, ನಾನು ಹುಡುಗ. ಉದ್ದದ ದಾರಿ. ಗಾಳಿಗಿಂತ ಮುಂದೆ ಹೋಗ್ತಿದ್ದೀನಿ. ತಿರುವು ಬಂತು. ಬ್ರೇಕನ್ನ ಹೀಗೆ, ಜೀವ ಬಿಟ್ಟು ತುಳಿದೆ!"

ಎಡಗಾಲಿನಿಂದ ಧಡ್ ಎಂದು ತುಳಿದ.

"ಸಾರ್," ಎಂದ ಕನ್ನಡಕದವನು, ಗಾಬರಿಯ ನಡುವೆಯೂ ತಡೆಯಲಾರದೆ. "ಅದು ಕ್ಲಚ್ಚು."

"ಗೊತ್ತು! ನಿಮ್ಮನ್ನ ಪರೀಕ್ಷೆ ಮಾಡ್ದೆ!"

ಹಾಗೆಂದು ಮುಖ ತಿರುಗಿಸಿದವನಿಗೆ ಗೇಟಿನ ಬಳಿ ನಿಂತಿದ್ದ ಮನೆಯ ಇನ್ನೊಂದು ಕಾರು ಕಂಡಿತು. ಸಂತೆ, ಶಾಲೆಗೆಂದು ಮನೆಯಾಕೆ ಓಡಿಸುವ ಬಿಳಿ ಕಾರು. ಅದರ ಹಿಂದಿನ ಚಕ್ರಕ್ಕೆ ಓರೆ ಕೊರೆದ ಮರದ ತುಂಡೊಂದು ಒತ್ತಿಕೊಂಡಿತ್ತು. ಗೋಡೆಯ ಮೂಲೆಯಿಂದ ಕಾಣೆಯಾದ ತುಂಡು.

ಇನ್ನೊಂದು ಕೈ. ಹ್ಯಾಂಡ್‌ಬ್ರೇಕ್ ಎಳೆಯದ ಇನ್ನೊಂದು ಕೈ.

"ನೀವು ಊರಲ್ಲಿ ಇಲ್ದಾಗ ಆ ಕಾರು ಮಾರಿದ್ದು ಯಾರು?" ಮಾವನ ಧ್ವನಿ ಮೊದಲ ಸಲ ಸಣ್ಣಗಾಯಿತು.

"ಅದೇ ಹೇಳೋಕೆ ಬಂದೆ, ನೀವು ಬಿಟ್ರೆ ತಾನೆ! ನನ್ನ ಹೆಂಡ್ತಿ," ಎಂದು ಅವನು ತಿರುಗಿದ. ಹಿತ್ತಿಲ ಬಾಗಿಲಲ್ಲಿ ಯಾರೂ ಇರಲಿಲ್ಲ.

ನೆಲದ ಮೇಲೆ ಚೀಲವೂ ಇರಲಿಲ್ಲ.

ಮಾವನ ನಾಟಕದತ್ತ ಎಲ್ಲರ ಕಣ್ಣಿದ್ದಾಗ ಅವಳು ಮನೆಯ ಮಗ್ಗುಲಿನಿಂದ ಬಂದಿದ್ದಳು. ಸೌಟು ಎತ್ತುವ ಕೈ ಎಂದುಕೊಂಡದ್ದು ಆ ಕಬ್ಬಿಣವನ್ನು ಹೂವಿನ ಬುಟ್ಟಿಯಂತೆ ಎತ್ತಿಕೊಂಡು ಹೋಗಿ ಬಿಳಿ ಕಾರಿನೊಳಗೆ ಎಸೆಯಿತು. ಕಾಲಿನಿಂದ ಮರದ ತುಂಡನ್ನು ಒದ್ದಳು. ಕೂತಳು. ಬಿಳಿ ಕಾರು ಹಿಮ್ಮುಖವಾಗಿ ಗೇಟು ದಾಟಿ, ರಸ್ತೆಯ ಮಧ್ಯೆ ಗಿರ್ರನೆ ಅರ್ಧ ಸುತ್ತು ತಿರುಗಿ, ಮೂತಿ ನೇರ ಮಾಡಿಕೊಂಡು ಹಾರಿತು. ಅಂಥ ತಿರುವು ಸಂತೆಗೆ ಹೋಗಿ ಕಲಿಯುವಂಥದಲ್ಲ.

"ಇವಳೇ! ಏ ಇವಳೇ!" ಕನ್ನಡಕದವನು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ರಸ್ತೆಗೆ ಓಡಿದ. ಅವನ ಕೂಗು ತಿರುವಿನವರೆಗೂ ಕೇಳಿಸಿ ಕ್ಷೀಣವಾಯಿತು.

"ಮಾವ, ಸ್ಟಾರ್ಟ್ ಮಾಡಿ! ಕೀ ಅಲ್ಲೇ ಇದೆ!" ಡಾಕ್ಟರು ನೀಲಿ ಕಾರಿನ ಚಕ್ರದ ತುಂಡನ್ನು ಕಿತ್ತೆಸೆದು ಪಕ್ಕದ ಬಾಗಿಲಿಗೆ ಕೈ ಹಾಕಿದಳು. "ಅದು ಹೋದ್ರೆ ಎಲ್ಲಾ ಹೋದ ಹಾಗೆ. ನಾಳೆ ಅವನ ಮಾತು ಯಾರು ನಂಬ್ತಾರೆ? ಹೊರಡಿ ಮಾವ!"

ಮಾವ ಹೊರಡಲಿಲ್ಲ.

ಎರಡೂ ಕೈ ಸ್ಟೀರಿಂಗಿನ ಮೇಲಿದ್ದವು. ಬೆವರು ಕಿವಿಯ ಹಿಂದಿನಿಂದ ಕಾಲರಿಗೆ ಇಳಿಯಿತು. ಕಾಲ ಬಳಿಯ ಮೂರು ಪೆಡಲುಗಳನ್ನು ಅವನು ಮೂರು ನಾಗರಹಾವುಗಳನ್ನು ನೋಡುವಂತೆ ನೋಡಿದ.

"ಮಾವ?"

"ಪುಟ್ಟಿ..."

"ಏನು? ಬೇಗ ಹೇಳಿ!"

"ನಂಗೆ ಕಾರು ಓಡಿಸೋಕೆ ಬರಲ್ಲ."

ಅವಳು ಕೇಳಿಸದವಳಂತೆ ನೋಡಿದಳು.

"ಯಾವತ್ತೂ ಓಡಿಸಿಲ್ಲ. ಈ ಸೀಟಲ್ಲಿ ಕೂತಿದ್ದೇ ಇದು ಮೊದಲು. ಬಸ್ಸಲ್ಲಿ ಡ್ರೈವರ್ ಹಿಂದಿನ ಸೀಟಲ್ಲಿ ಕೂತು ನೋಡಿದ್ದು ಬಿಟ್ರೆ ನಂಗೇನೂ ಗೊತ್ತಿಲ್ಲ. ನಿನ್ನ ಮುಂದೆ, ನಿನ್ನ ತಮ್ಮನ ಮುಂದೆ ಹೇಳಿದ ಆ ರೇಸು, ಆ ಬೆಟ್ಟದ ದಾರಿ, ರೈಲನ್ನ ಹಿಂದೆ ಹಾಕಿದ್ದು... ಒಂದೂ ನಿಜ ಅಲ್ಲ."

ಅವಳ ಮುಖದಲ್ಲಿ ಸಿಟ್ಟು ಬರಲೂ ಸಮಯವಿರಲಿಲ್ಲ. ಓಡಿ ಈ ಕಡೆಗೆ ಬಂದು ಬಾಗಿಲು ತೆರೆದಳು. "ಇಳೀರಿ. ನಾನು ಓಡಿಸ್ತೀನಿ. ಇಳೀರಿ ಮಾವ!"

ಮಾವ ಎದೆಯ ಕೆಳಗಿನ ದುಂಡು ಬಿಲ್ಲೆಯನ್ನು ಒತ್ತಿದ. ಎಳೆದ. ಗುದ್ದಿದ. ನಾಲ್ಕೂ ಪಟ್ಟಿಗಳು ಇನ್ನಷ್ಟು ಬಿಗಿದುಕೊಂಡವು. ದೂರದಲ್ಲಿ ಬಿಳಿ ಕಾರಿನ ಸದ್ದು ಒಂದು ಗೇರು ಮೇಲೇರಿ, ಇನ್ನೊಂದು ಗೇರು ಮೇಲೇರಿ, ಸಣ್ಣದಾಯಿತು.

ಜನ್ಮದಲ್ಲಿ ಮೊದಲ ಬಾರಿಗೆ, ಒಂದಕ್ಷರವೂ ಹೆಚ್ಚು ಮಾಡದೆ ಮಾವ ಹೇಳಿದ:

"ಇದನ್ನ ಬಿಚ್ಚೋಕೂ ಬರಲ್ಲ ಪುಟ್ಟಿ."